ಇಪ್ಪತ್ತೆರಡು ನಿಮಿಷ ಹಿಂದಿನ ಅಮ್ಮ

ಇದನ್ನು ಕೇಳಿದವರಲ್ಲಿ ಅರ್ಧ ಜನ, ನೈಟ್ ಶಿಫ್ಟ್ ಮಾಡಿ ಮಾಡಿ ಬಸವರಾಜನ ತಲೆ ಕೆಟ್ಟಿದೆ ಎಂದರು. ಎನ್ನಲಿ. ದೆವ್ವ ಗಿವ್ವ ಎಂದರೆ ಮೊದಲು ನಗುತ್ತಿದ್ದವನು ನಾನೇ. ಆದರೆ ಆ ರಾತ್ರಿ ಈ ಕಣ್ಣಿಂದ ನೋಡಿದ್ದನ್ನು ಸುಳ್ಳು ಎನ್ನಲು ನನ್ನಿಂದ ಆಗುವುದಿಲ್ಲ.

ನನ್ನ ಊರು ವಿಜಯಪುರದ ಕಡೆ, ಮನೆ ಮುಂಬೈ ಹತ್ತಿರದ ಕಲ್ಯಾಣದಲ್ಲಿ, ಕೆಲಸ ಮಹಾಪೆಯಲ್ಲಿ. ಮದುವೆ, ಮುಂಜಿ, ಗೃಹಪ್ರವೇಶಗಳನ್ನು ದೂರದ ನೆಂಟರಿಗೆ ಕಂಪ್ಯೂಟರ್‌ನಲ್ಲಿ ನೇರವಾಗಿ ತೋರಿಸುವ ಸಣ್ಣ ಕಂಪನಿ ನಮ್ಮದು. ವಿಡಿಯೋ ಬರುತ್ತಿಲ್ಲ ಎಂದು ಫೋನ್ ಬಂದರೆ ಎತ್ತುವವನು ನಾನು. ಪೇಜ್ ರಿಫ್ರೆಶ್ ಮಾಡಿ, ಕ್ಯಾಶ್ ಅಳಿಸಿ, ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ... ದಿನಕ್ಕೆ ನಲವತ್ತು ಸಲ ಇದೇ ಪಾಠ. ನಿದ್ದೆಯಲ್ಲೂ ಹೇಳುತ್ತೇನೆ ಎಂದು ಹೆಂಡತಿ ಬೈಯುತ್ತಾಳೆ.

ನಮ್ಮ ಪ್ಲೇಯರ್‌ಗೆ ಒಂದು ಗುಣವಿದೆ. ನೆಟ್ ನಿಂತು ಮತ್ತೆ ಬಂದರೆ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು ಮಾಡುತ್ತದೆ, ಯಾರಿಗೂ ತಾಳಿ ಕಟ್ಟುವ ಗಳಿಗೆ ತಪ್ಪಬಾರದು ಎಂದು. ಹಾಗೆ ಹಿಂದೆ ಬಿದ್ದವರಿಗೆ ಎಷ್ಟು ನಿಮಿಷ ಹಿಂದಿದ್ದಾರೆ ಎಂದು ಕೆಳಗೆ ತೋರಿಸುತ್ತದೆ. ಪಕ್ಕದ 'ಲೈವ್' ಗುಂಡಿ ಒತ್ತಿದರೆ ಈ ಕ್ಷಣಕ್ಕೆ ಬರುತ್ತದೆ. ಕರೆ ಮುಗಿಸುವ ಮೊದಲು ಗ್ರಾಹಕರನ್ನು ಲೈವ್‌ಗೆ ತಂದು ಬಿಡಬೇಕು, ಇದು ನಮ್ಮ ನಿಯಮ. ಆರು ವರ್ಷದಿಂದ ನನ್ನ ಬೆರಳಿಗೆ ಅದೇ ರೂಢಿ.

ರಾತ್ರಿ ಒಂಬತ್ತೂವರೆ ಇರಬೇಕು. ಡೊಂಬಿವಲಿಯಿಂದ ಒಬ್ಬ ಹೆಂಗಸಿನ ಫೋನ್. ಹಿಂದಿಯಲ್ಲಿ ಶುರು ಮಾಡಿದರು, ನಡುವೆ 'ಅಯ್ಯೋ ದೇವರೇ' ಎಂದರು. ನೀವು ಕನ್ನಡದವರೇನ್ರಿ ಎಂದೆ. ಅಷ್ಟು ಕೇಳಿದ್ದೇ ಅವರಿಗೆ ಅಳು ಬಂದುಬಿಟ್ಟಿತು.

ಹೆಸರು ವಿಜಯಾ. ಕುಂದಾಪುರದ ಕಡೆಯವರು. ಆರು ವರ್ಷದ ಹಿಂದೆ ಮರಾಠಿ ಹುಡುಗನನ್ನು ಮದುವೆಯಾದಾಗ ಅವರ ತಾಯಿ, ನನ್ನ ಹೊಸಿಲು ತುಳಿಯಬೇಡ ಎಂದಿದ್ದರಂತೆ. ಆಮೇಲೆ ಮಾತೇ ಇಲ್ಲ. ಈಗ ಆ ತಾಯಿಯನ್ನು, ಇನ್ನು ಆಗುವುದಿಲ್ಲ ಎಂದು ಆಸ್ಪತ್ರೆಯಿಂದ ಮನೆಗೆ ತಂದಿದ್ದರು. ವಿಜಯಾಗೆ ಸುದ್ದಿ ಸಿಕ್ಕಿದ್ದು ಅದೇ ಸಂಜೆ, ರೈಲು ಇದ್ದದ್ದು ಮರುದಿನ ಬೆಳಿಗ್ಗೆ. ದೂರದಲ್ಲಿರುವ ಮಕ್ಕಳೆಲ್ಲ ನೋಡಲಿ ಎಂದು ವಿಜಯಾರ ತಮ್ಮ ತನ್ನ ಫೋನನ್ನೇ ಮಂಚದ ಎದುರಿಗೆ ಕಟ್ಟಿ ನಮ್ಮ ಲಿಂಕ್ ಕಳಿಸಿದ್ದ. ಹಾಗಾಗಿ ಆ ಫೋನಿಗೆ ಕರೆ ಮಾಡುವಂತೆಯೂ ಇರಲಿಲ್ಲ.

"ಶಬ್ದ ಬರ್ತಾ ಉಂಟು, ಚಿತ್ರ ಇಲ್ಲ. ಪೂರಾ ಕಪ್ಪು. ಒಮ್ಮೆ ಅಮ್ಮನ ಮುಖ ಕಂಡ್ರೆ ಸಾಕು ಮಾರಾಯ್ರೇ."

"ಕಾಣಸ್ತದ ಅಕ್ಕಾರ, ನಾ ತೋರಸ್ತೀನಿ," ಎಂದೆ.

ಅವರ ಅನುಮತಿ ಪಡೆದು ಅವರ ಕಂಪ್ಯೂಟರನ್ನು ನನ್ನ ಪರದೆಗೆ ತೆಗೆದುಕೊಂಡೆ. ಕಪ್ಪು ಚೌಕ. ಒಳಗಿನಿಂದ ಫ್ಯಾನಿನ ಕಿರ್ ಕಿರ್... ಯಾರೋ ಕಷ್ಟಪಟ್ಟು ಎಳೆಯುವ ಉಸಿರು. ಸೆಟ್ಟಿಂಗ್ಸ್‌ಗೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಶನ್ ಎಂಬುದನ್ನು ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದೆ. ಹತ್ತರಲ್ಲಿ ಎಂಟು ಕಪ್ಪು ಪರದೆಗಳಿಗೆ ಇದೇ ಔಷಧಿ.

ಚಿತ್ರ ಬಂತು.

ಮಂಚದ ಮೇಲೆ ಸಣ್ಣ ಜೀವ, ಕಣ್ಣು ಮುಚ್ಚಿತ್ತು. ಪಕ್ಕದ ಸ್ಟೂಲ್ ಮೇಲೆ ತಮ್ಮ. ಕೆಳಗೆ ಅಕ್ಷರ ಮೂಡಿತು: ೨೨ ನಿಮಿಷ ಹಿಂದೆ. ಸಂಜೆಯಿಂದ ಅವರ ನೆಟ್ ಅಷ್ಟು ಸಲ ನಿಂತು ಬಂದಿತ್ತು.

"ಅಮ್ಮಾ, ನಾನು ವಿಜಯಾ," ಎಂದರು ಅವರು, ಪರದೆಗೆ.

ಅಯ್ಯೋ ಪಾಪ ಎನಿಸಿತು. ನಮ್ಮದು ಒಂದೇ ದಿಕ್ಕಿನ ವಿಡಿಯೋ, ಇಲ್ಲಿ ಆಡಿದ್ದು ಅಲ್ಲಿ ಕೇಳಿಸುವುದೇ ಇಲ್ಲ. ಮೇಲಾಗಿ ಇದು ಇಪ್ಪತ್ತೆರಡು ನಿಮಿಷ ಹಳೆಯದು. ಹೇಳೋಣ ಎಂದು ಬಾಯಿ ತೆರೆದೆ...

ಮುದುಕಿ ಕಣ್ಣು ಬಿಟ್ಟರು.

ಕುತ್ತಿಗೆ ಮೆಲ್ಲಗೆ ತಿರುಗಿತು. ನೇರ ಕ್ಯಾಮೆರಾಕ್ಕೆ, ನೇರ ನಮ್ಮ ಕಡೆಗೆ. "ಉಂಡ್ಯಾ ಮಗಾ?" ಎಂದರು. ಪಕ್ಕದಲ್ಲೇ ಕೂತಿದ್ದ ತಮ್ಮ ತಲೆ ಕೂಡ ಎತ್ತಲಿಲ್ಲ.

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಎಸಿ ಹಾಕಿ ಮುಚ್ಚಿದ ಆಫೀಸಿನಲ್ಲಿ, ಆರಿಸಿದ ಎಣ್ಣೆ ಬತ್ತಿಯ ವಾಸನೆ. ಹಿಂದೆ ತಿರುಗಿ ನೋಡಿದೆ. ಖಾಲಿ ಕುರ್ಚಿಗಳು...

"ಉಂಡೆ ಅಮ್ಮ," ಎಂದರು ವಿಜಯಾ ಬಿಕ್ಕುತ್ತಾ. "ನಾಳೆ ಗಾಡಿ ಹತ್ತಿ ಬತ್ತೆ. ಕಾಯ್ತ್ಯಾ?"

ಮುದುಕಿ ಇಲ್ಲ ಎನ್ನುವಂತೆ ತಲೆಯಾಡಿಸಿದರು, ಬೇಸರವಿಲ್ಲದೆ, ಇನ್ನಷ್ಟು ಅನ್ನ ಬಡಿಸಲು ಬಂದವರಿಗೆ ಬೇಡ ಎನ್ನುವ ಹಾಗೆ.

ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿದಾಗ ಮನುಷ್ಯ ಗೊತ್ತಿದ್ದ ಕೆಲಸವನ್ನೇ ಮಾಡುತ್ತಾನೆ. ನನಗೆ ಗೊತ್ತಿದ್ದದ್ದು ಒಂದೇ.

"ಅಮ್ಮಾ, ನನ್ ಮೇಲಿನ ಸಿಟ್ಟು ಹೋಯ್ತಾ?"

ಮುದುಕಿಯ ತುಟಿ ಬಿಚ್ಚಿತು. ನನ್ನ ಬೆರಳು 'ಲೈವ್' ಒತ್ತಿತು.

ಮಂಚ ಖಾಲಿ. ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದರು, ತಲೆಯ ಹತ್ತಿರ ದೀಪ, ಸುತ್ತ ಹೆಂಗಸರು. ಪ್ರಾಣ ಹೋಗಿ ಹತ್ತು ನಿಮಿಷವಾಗಿತ್ತು ಎಂದು ಆಮೇಲೆ ತಿಳಿಯಿತು. ವಿಜಯಾ ಕಿರುಚಲಿಲ್ಲ. ಹಿಂದಕ್ಕೆ ತಗೊಳ್ಳಿ, ಅಮ್ಮ ಏನೋ ಹೇಳ್ತಾ ಇದ್ರು, ಎಂದರು.

ಹಿಂದಕ್ಕೆ ಎಳೆದೆ. ಅದೇ ನಿಮಿಷ, ಅದೇ ಫ್ಯಾನ್, ಸ್ಟೂಲ್ ಮೇಲೆ ಅದೇ ತಮ್ಮ. ಮುದುಕಿ ಕಣ್ಣು ಮುಚ್ಚಿ ಮಲಗಿದ್ದರು. ಅಲುಗಲೇ ಇಲ್ಲ. ಮುಂದಕ್ಕೆ, ಹಿಂದಕ್ಕೆ, ಮೂರು ಸಲ ಹಾಕಿದೆ. ಮಧ್ಯಾಹ್ನದಿಂದ ಅಮ್ಮನಿಗೆ ಎಚ್ಚರವೇ ಇರಲಿಲ್ಲ ಎಂದು ತಮ್ಮ ಈಗಲೂ ಆಣೆ ಮಾಡುತ್ತಾನಂತೆ.

ನಮ್ಮಲ್ಲಿ ಪ್ರತಿ ಕರೆಯೂ ಪರದೆಯ ಸಮೇತ ರೆಕಾರ್ಡ್ ಆಗುತ್ತದೆ. ಮರುದಿನ ಹಗಲಲ್ಲೇ ಹೋಗಿ, ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಮುದುಕಿ ಮಲಗಿಯೇ ಇದ್ದಾರೆ. ವಿಜಯಾ ಮಾತಾಡುತ್ತಾರೆ, ನಿಲ್ಲುತ್ತಾರೆ, ಉತ್ತರ ಕೇಳಿದವರಂತೆ ಮತ್ತೆ ಮಾತಾಡುತ್ತಾರೆ. ಆ ನಡುವಿನ ಮೌನದಲ್ಲಿ ಒಂದು ಕಡೆ ನನ್ನ ದನಿ, ಪಿಸುಗುಟ್ಟಿದಂತೆ: "ಅಕ್ಕಾರ, ತಲಿ ಅಲ್ಲಾಡಿಸಿದ್ರು." ಹಾಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿಲ್ಲ.

ತಿಂಗಳಾದ ಮೇಲೆ ವಿಜಯಾ ಫೋನ್ ಮಾಡಿದ್ದರು. ಹುಚ್ಚಿ ಅಂತ ತಿಳ್ಕೊಬೇಡಿ, ನೀವೂ ನೋಡಿದ್ರಲ್ಲ, ಎಂದರು. ಹೌದು, ನೋಡಿದೆ ಎಂದೆ. ಕೊನೆಗೆ ಅಮ್ಮ ಏನು ಹೇಳಿದ್ರು, ನಿಮಗೆ ಕೇಳಿಸಿತಾ, ಎಂದು ಕೇಳಿದರು. ಇಲ್ಲ ಎಂದೆ. ಅದು ಸತ್ಯವೇ.

"ಹಾಳಾದ ನೆಟ್ಟು, ಆಗಲೇ ಕೈ ಕೊಡಬೇಕಿತ್ತಾ," ಎಂದು ಅವರು ಅತ್ತರು.

ನಾನು ಹ್ಞೂಂ ಎಂದೆ. ಒತ್ತಿದ್ದು ನಾನು ಎಂದು ಇವತ್ತಿನವರೆಗೂ ಅವರಿಗೆ ಹೇಳಿಲ್ಲ.