ಐದೂವರೆ ಮನೆಯ ದನಿ

2001ರ ಡಿಸೆಂಬರ್, ಎರಡನೇ ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಹಾಜರಿದ್ದವರು ಮೂವರು: ನಾನು, ಮೂಡಿಗೆರೆಯಿಂದ ಬಂದ ಸಂಗೀತದ ಟೀಚರು, ಅವರ ರೆಕಾರ್ಡ್ ಪ್ಲೇಯರನ್ನು ಜೀಪಿನಿಂದ ಇಳಿಸಿ ಹೆಗಲ ಮೇಲೆ ಹೊತ್ತು ತಂದ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಮೇಸ್ತ್ರಿ.

ಹೀಗೆ ಬರೆದಿಡುವುದು ವಾರ್ಡಿನಲ್ಲಿ ಕಲಿತದ್ದು. ಮಲ್ಲಂದೂರಿನ ಕಡೆಯ ಒಂದು ತೋಟದ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸಾಗಿದ್ದೆ. ಬಂದವರು ಯಾರು, ಎಷ್ಟು ಹೊತ್ತಿಗೆ, ಏನು ನೋವು, ಏನು ಕೊಟ್ಟದ್ದು. ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂದು ನನ್ನ ಮೇಲಿನವರು ನನಗೆ ಕಲಿಸಿದ್ದರು. ನಿವೃತ್ತಿಯ ಮೇಲೆ ರೋಗಿಗಳು ಹೋದರು, ರೂಢಿ ಉಳಿಯಿತು. ರೋಗಿಗಳ ಜಾಗಕ್ಕೆ ರೆಕಾರ್ಡ್ ಪ್ಲೇಯರುಗಳು ಬಂದವು.

ಅದಕ್ಕೆ ಕಾರಣ ನಮ್ಮ ಡಾಕ್ಟರು. 1993ರಲ್ಲಿ ಕೆಲಸ ಬಿಟ್ಟು ಹೋಗುವಾಗ ಅವರು ತಿರುಗದೆ ನಿಂತಿದ್ದ ಒಂದು ಜಪಾನಿ ಪ್ಲೇಯರನ್ನು ಡ್ಯೂಟಿ ರೂಮಿನ ಕಪಾಟಿನ ಮೇಲೆ ಬಿಟ್ಟುಹೋದರು. ಡೈರೆಕ್ಟ್ ಡ್ರೈವ್ ಎನ್ನುವ ಜಾತಿ ಅದು. ಬೆಲ್ಟಿಲ್ಲ, ಗಾಲಿಯಿಲ್ಲ. ಮೋಟಾರಿನ ನಡುವಿನ ಕಡ್ಡಿಯೇ ಮೇಲೆ ಬಂದು ತಟ್ಟೆಯನ್ನು ಹೊರುತ್ತದೆ. ತಟ್ಟೆ ಎಷ್ಟು ನಿಧಾನವೋ ಮೋಟಾರೂ ಅಷ್ಟೇ ನಿಧಾನ, ಸದ್ದೇ ಇಲ್ಲ. ಹಲವು ಮಧ್ಯಾಹ್ನಗಳ ಕೆಲಸದ ನಂತರ ಅದು ತಿರುಗಿದಾಗ ತಿರುಗಿದ್ದೇ ನನಗೆ ತಿಳಿಯಲಿಲ್ಲ. ತಟ್ಟೆಯ ಮೇಲೆ ಬಿದ್ದಿದ್ದ ಹತ್ತಿಯ ಎಳೆಯೊಂದು ಕಿಟಕಿಯ ಬೆಳಕಿಗೆ ಬಂದು, ಹೋಗಿ, ಮತ್ತೆ ಬರುತ್ತಿತ್ತು. ಎಷ್ಟು ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆನೋ, ಅದೊಂದನ್ನು ಬರೆದಿಟ್ಟಿಲ್ಲ.

ಆ ವರ್ಷಗಳಲ್ಲಿ ಎಸ್ಟೇಟ್ ಬಂಗಲೆಗಳಿಗೆ ಸಿ.ಡಿ. ಬರುತ್ತಿತ್ತು. ಹಳೆಯ ಪ್ಲೇಯರುಗಳು ಅಟ್ಟ ಸೇರುತ್ತಿದ್ದವು. ಸಿಸ್ಟರಮ್ಮ ರಿಪೇರಿ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿ, ಒಂದೊಂದಾಗಿ ನನ್ನ ಮೇಜಿಗೆ ಬಂದವು.

ಟೀಚರಿಗೆ ಆಗ ನಲವತ್ತೈದು ವರ್ಷ. ವಸ್ತಾರೆ ಕಡೆಯ ಶಿಷ್ಯೆಯೊಬ್ಬಳ ಮನೆಯವರು ಅಟ್ಟ ಖಾಲಿ ಮಾಡುವಾಗ, ಡೈರೆಕ್ಟ್ ಡ್ರೈವ್ ಜಾತಿಯದೇ ಆದ ಈ ಪ್ಲೇಯರನ್ನು ಅವರಿಗೆ ಕೊಟ್ಟಿದ್ದರು. ಅದರ ಜೊತೆ ಅವರು ಇನ್ನೊಂದನ್ನೂ ತಂದಿದ್ದರು. ಹಳೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಒಂದು ಚಿಕ್ಕ ರೆಕಾರ್ಡು, ನಿಮಿಷಕ್ಕೆ ನಲವತ್ತೈದು ಸುತ್ತಿನದು. ನಡುವಿನ ಕಾಗದವನ್ನು ಹುಳು ಅರ್ಧ ತಿಂದಿತ್ತು.

"ನಮ್ಮಮ್ಮ ಹಾಡಿದ್ದು," ಎಂದರು. "ಒಂದೇ ಒಂದು ದೇವರನಾಮ. ನಂಗೆ ಹನ್ನೊಂದು ವರ್ಷ ಇದ್ದಾಗ ಅಮ್ಮ ಹೋದ್ರು. ಮನೇಲಿ ಪ್ಲೇಯರ್ ಇರ್ಲಿಲ್ಲ, ಇದನ್ನ ಒಂದ್ಸಲಾನೂ ಕೇಳಿಲ್ಲ. ಅಮ್ಮನ ದನಿ ಕಿವೀಲಿದೆ ಸಿಸ್ಟ್ರೇ. ಆದ್ರೆ ಈಚೆಗೆ ಅನುಮಾನ. ಅದು ಅಮ್ಮಂದೋ, ನಾನೇ ಹಾಡಿ ಹಾಡಿ ಕಟ್ಕೊಂಡಿದ್ದೋ ಗೊತ್ತಾಗ್ತಿಲ್ಲ. ಒಂದ್ಸಲ ಕೇಳಿಬಿಟ್ರೆ ಸಾಕು."

"ಒಂದ್ಸಲ ಅಂತ ಬಂದೋರು ಯಾರೂ ಒಂದ್ಸಲಕ್ಕೆ ಏಳಲ್ಲ ಟೀಚರೇ," ಎಂದ ಮೇಸ್ತ್ರಿ, ಬೆವರು ಒರೆಸಿಕೊಳ್ಳುತ್ತ. "ಅದಿರ್ಲಿ, ಎಂತ ತೂಕ ಮಾರಾಯ್ರೆ ಇದು. ಒಳಗೆ ಹಾಡೋರೂ ಕೂತಿದಾರಾ?"

"ನೀನು ಹೋಗು ಮಾರಾಯ, ಪಲ್ಪರ್ ಕಾಯ್ತಾ ಇರುತ್ತೆ," ಎಂದೆ.

ಹಣ್ಣಿನ ಕಾಲ ಅದು. ಶನಿವಾರ ಕೊಯ್ದ ಕಾಫಿ ಹಣ್ಣು ಉಳಿದಿದ್ದರಿಂದ ಭಾನುವಾರವೂ ಪಲ್ಪರ್ ಓಡಬೇಕಿತ್ತು. ಶುಕ್ರವಾರ ಲೈನಿನ ಮೇಲೆ ಮರ ಬಿದ್ದು ಊರಿಗೆಲ್ಲ ಕರೆಂಟ್ ಹೋಗಿತ್ತು. ಆಸ್ಪತ್ರೆಯ ಹಳೆಯ ಋಣವೆಂದು ತೋಟದವರು ಪಲ್ಪರ್ ಓಡಿಸುವ ತಮ್ಮ ಜನರೇಟರಿನಿಂದ ನನ್ನ ಮನೆಗೂ ಒಂದು ವೈರು ಎಳೆಸಿದ್ದರು. ಮೇಸ್ತ್ರಿ ಹೋದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅದರ ಗುಡುಗುಡು ಕೇಳಿತು, ಬಲ್ಬು ಹತ್ತಿತು. ಸುಲಿದ ಹಣ್ಣಿನ ಹುಳಿಸಿಹಿ ವಾಸನೆ ಮಂಜಿನ ಜೊತೆ ಕಿಟಕಿಯೊಳಗೆ ಬಂತು.

ಪ್ಲೇಯರಿನ ಲಕ್ಷಣ: ಒತ್ತಿದರೆ ತಟ್ಟೆ ದೆವ್ವ ಹಿಡಿದಂತೆ ಓಡುತ್ತದೆ, ಆಮೇಲೆ ಸುಸ್ತಾಗಿ ತೂಗಾಡುತ್ತದೆ. ತಟ್ಟೆ ಎತ್ತಿ, ಬುಡದ ಹಲಗೆ ಬಿಚ್ಚಿದೆ. ಒಳಗೆ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು, ಖಾಲಿ. ಚಿಮಟದಲ್ಲಿ ಬಿಡಿಸಿ ತೆಗೆದೆ. ವೇಗ ಬದಲಿಸುವ ಸ್ವಿಚ್ಚಿನ ತಾಮ್ರಕ್ಕೆ ಹಸಿರು ತುಕ್ಕು ಹಿಡಿದಿತ್ತು. ಸ್ಪಿರಿಟ್, ಹತ್ತಿ, ತಾಳ್ಮೆ. ನಡುವಿನ ಕಡ್ಡಿಯ ಎಣ್ಣೆ ಒಣಗಿ ಹಲಸಿನ ಮೇಣದಂತಾಗಿತ್ತು. ಒರೆಸಿ, ಸಿರಿಂಜಿನಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟೆ. ಬಿರುಕು ಬಿಟ್ಟಿದ್ದ ಎರಡು ಬೆಸುಗೆಗಳನ್ನು ಹೊಸದಾಗಿ ಹಾಕಿದೆ. ಟೀಚರು ಕೈಕಟ್ಟಿ ನೋಡುತ್ತಿದ್ದರು, ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತ ಮನೆಯವರ ಹಾಗೆ.

ಹನ್ನೊಂದೂವರೆಗೆ ತಟ್ಟೆ ಸಮವಾಗಿ ತಿರುಗಿತು. ಉಳಿದದ್ದು ವೇಗ ಹದ ಮಾಡುವುದು. ತಟ್ಟೆಯ ಅಂಚಿನ ಸುತ್ತ ಸಾಲು ಸಾಲು ಚುಕ್ಕಿಗಳಿರುತ್ತವೆ. ಪಕ್ಕದ ಪುಟ್ಟ ಕಿಂಡಿಯಿಂದ ಒಂದು ಕೆಂಪು ದೀಪ ಅವುಗಳ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಬೇಗ ಆ ದೀಪ ಹತ್ತಿ ಆರುತ್ತಿರುತ್ತದೆ. ವೇಗ ಸರಿಯಿದ್ದರೆ ಚುಕ್ಕಿಗಳು ನಿಂತಂತೆ ಕಾಣುತ್ತವೆ. ಪರದೆ ಎಳೆದೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ತೇಲುತ್ತಿದ್ದ ಚುಕ್ಕಿಗಳು ನಿಧಾನವಾದವು, ಇನ್ನೂ ನಿಧಾನವಾದವು, ಕೊನೆಗೆ ನಿಂತುಬಿಟ್ಟವು. ಓಡುತ್ತಲೇ ನಿಂತಿರುವ ಆ ನೋಟ ಎಷ್ಟು ಸಲ ಕಂಡರೂ ನನಗೆ ಹಳತಾಗಲಿಲ್ಲ. ಮಂಜಿನಾಚೆ ದೂರದ ಊರೊಂದರ ದೀಪಗಳನ್ನು ನೋಡಿದಂತೆ ಇರುತ್ತಿತ್ತು.

ರೆಕಾರ್ಡ್ ಇಟ್ಟು ಮುಳ್ಳು ಇಳಿಸಿದೆ. ತಂಬೂರಿ, ಅದರ ಹಿಂದೆ ಒಂದು ಹೆಂಗಸಿನ ದನಿ. ತುಂಬಿದ, ಭಾರವಾದ, ಸ್ವಲ್ಪ ದಣಿದ ದನಿ. ಚೆನ್ನಾಗಿತ್ತು. ಟೀಚರ ಮುಖ ಮಾತ್ರ ಅರಳಲಿಲ್ಲ.

ಹಾಡು ಮುಗಿಯಿತು. ಅವರು ಕೈಚೀಲದಿಂದ ಶ್ರುತಿಪೆಟ್ಟಿಗೆ ತೆಗೆದು ಒತ್ತಿ ನೋಡಿದರು. "ಇದು ಐದು ಮನೆ," ಎಂದರು. "ಅಮ್ಮ ಹಾಡ್ತಿದ್ದಿದ್ದು ಐದೂವರೆ ಮನೇಲಿ."

ಹಾಡುವವರು ಶ್ರುತಿಯನ್ನು ಮನೆಯಲ್ಲಿ ಅಳೆಯುತ್ತಾರೆ, ಹಾರ್ಮೋನಿಯಮ್ಮಿನ ಬಿಳಿ ಕೀಲಿಗೆ ಒಂದು ಮನೆ, ಅದರ ಪಕ್ಕದ ಕಪ್ಪು ಕೀಲಿಗೆ ಅರ್ಧ, ಎಂದು ಅವರೇ ವಿವರಿಸಿದರು. ಅರ್ಧ ಮನೆ ಇಳಿದರೆ ದನಿಯ ವಯಸ್ಸೇ ಬದಲಾಗುತ್ತದಂತೆ.

ನಾನು ಆಗ ಆಡಿದ ಮಾತನ್ನು ಇಲ್ಲಿ ಹಾಗೇ ಬರೆಯಬೇಕು. "ಹನ್ನೊಂದು ವರ್ಷದ ಮಗುವಿನ ನೆನಪು ಟೀಚರೇ. ಜ್ವರ ಎಷ್ಟಿತ್ತು ಅಂತ ತಾಯಂದಿರು ಬಾಯಲ್ಲಿ ಹೇಳ್ತಿದ್ರು, ನಾನು ಥರ್ಮಾಮೀಟರ್ ನಂಬ್ತಿದ್ದೆ. ಚುಕ್ಕಿ ನಿಂತಿದೆ ನೋಡಿ. ಯಂತ್ರಕ್ಕೆ ಸುಳ್ಳು ಹೇಳಿ ಏನಾಗ್ಬೇಕು?"

ಅವರು ಚುಕ್ಕಿಗಳನ್ನೇ ನೋಡುತ್ತ ಕೇಳಿದರು: "ಹಾಗಾದ್ರೆ ಇಷ್ಟು ವರ್ಷ ನಾನು ಕೇಳಿಸ್ಕೊಂಡಿದ್ದು ಯಾರ್ದು?"

ರಿಪೇರಿಯಾದ ಪ್ಲೇಯರನ್ನು ಒಂದು ಗಂಟೆ ಓಡಿಸಿ ನೋಡುವುದು ನನ್ನ ನಿಯಮ. ಬೇರೆ ರೆಕಾರ್ಡ್ ಹಾಕಲೇ ಎಂದು ಕೇಳಿದೆ. ಬೇಡ, ಇದನ್ನೇ ಹಾಕಿ, ಇದನ್ನೇ ರೂಢಿ ಮಾಡ್ಕೋತೀನಿ, ಎಂದರು. ಆ ಮಾತು ನನಗೆ ಚುಚ್ಚಿತು. ಮತ್ತೆ ಹಾಕಿದೆ, ಮತ್ತೆ. ಅರೆಗತ್ತಲ ಕೋಣೆಯಲ್ಲಿ ಆ ಭಾರದ ದನಿ ಸುತ್ತುತ್ತಿತ್ತು. ಪರಿಚಯವಿಲ್ಲದ ನೆಂಟರನ್ನು ಒಳಗೆ ಕೂರಿಸಿಕೊಂಡವರಂತೆ ಟೀಚರು ಕಣ್ಣುಮುಚ್ಚಿ ಕೂತಿದ್ದರು.

ಹನ್ನೆರಡೂವರೆಗೆ, ಹಾಡಿನ ನಡುವೆ, ಚುಕ್ಕಿಗಳು ಕದಲಿದವು. ಮೊದಲು ಇರುವೆಯಂತೆ, ಆಮೇಲೆ ಜೋರಾಗಿ, ಹಿಂದಕ್ಕೆ ಹಿಂದಕ್ಕೆ ಓಡತೊಡಗಿದವು. ನನ್ನ ಬೆಸುಗೆ ಬಿಟ್ಟಿತು ಎಂದುಕೊಂಡು ಸ್ಕ್ರೂಡ್ರೈವರಿಗೆ ಕೈ ಹಾಕಿದೆ.

"ಮುಟ್ಬೇಡಿ," ಎಂದರು ಟೀಚರು, ಕಣ್ಣು ತೆರೆಯದೆ.

"ವೇಗ ತಪ್ತಾ ಇದೆ ಟೀಚರೇ."

"ತಪ್ಪಿಲ್ಲ. ಹಾಡು ನಿಂತಲ್ಲೇ ಇದೆ. ಶ್ರುತಿ ಒಂದು ಎಳೆನೂ ಆಚೀಚೆ ಆಗಿಲ್ಲ."

ಚುಕ್ಕಿ ಓಡುತ್ತಿದೆ, ಹಾಡು ಓಡುತ್ತಿಲ್ಲ. ಎರಡರಲ್ಲಿ ಒಂದು ಸುಳ್ಳು. ಅಷ್ಟರಲ್ಲಿ ಮೇಸ್ತ್ರಿ ಬಾಗಿಲಿಗೆ ಬಂದ. ಮೈಯೆಲ್ಲ ಹಣ್ಣಿನ ಸಿಪ್ಪೆ.

"ಊಟಕ್ಕೆ ಪಲ್ಪರ್ ನಿಲ್ಸಿದೀನಿ ಸಿಸ್ಟ್ರೇ. ಜನರೇಟರ್ ಹಾಗೇ ಬಿಟ್ಟಿದೀನಿ, ನಿಮ್ಮ ಕೆಲ್ಸಕ್ಕೆ ಬೇಕಾಗುತ್ತೆ ಅಂತ. ಈಗ ಲೈಟ್ ಚೆನ್ನಾಗಿ ಉರೀತಾ?"

"ಈಗ ಅಂದ್ರೆ? ಬೆಳಿಗ್ಗೆ ಏನಾಗಿತ್ತು?"

"ಹಣ್ಣು ಸುರಿದ್ರೆ ಅದಕ್ಕೆ ಏದುಸಿರಲ್ವಾ. ಸುತ್ತು ಕುಗ್ಗುತ್ತೆ. ಪಲ್ಪರ್ ನಿಂತ್ರೆ ಎದ್ದು ಕುಣಿಯುತ್ತೆ. ಮುದುಕ ಗಾಡಿ ಅದು."

ನಾನು ಕುರ್ಚಿಯಲ್ಲಿ ಕೂತೆ. ಪ್ಲೇಯರಿನ ಮೋಟಾರು ಹೊರಗಿನ ಕರೆಂಟಿನ ಏರಿಳಿತಕ್ಕೆ ಜಗ್ಗುವುದಿಲ್ಲ, ತನ್ನ ವೇಗವನ್ನು ತಾನೇ ಕಾಯುತ್ತದೆ. ಆದರೆ ಆ ಕೆಂಪು ದೀಪ ಹತ್ತಿ ಆರುವುದು ಕರೆಂಟಿನ ಬಡಿತಕ್ಕೆ. ಬಡಿತ ಕೊಡುತ್ತಿದ್ದದ್ದು ಏದುಸಿರಿನ ಜನರೇಟರು. ಅದರ ಕುಗ್ಗಿದ ಬಡಿತಕ್ಕೆ ಸರಿಯಾಗಿ ನಾನು ತಟ್ಟೆಯನ್ನೂ ಕುಗ್ಗಿಸಿದ್ದೆ. ಪಟ್ಟಣದಲ್ಲಿ ಕೂತು ರಿಪೇರಿ ಮಾಡುವವರಿಗೆ ಬಹುಶಃ ಇಂಥ ತಪ್ಪು ಮಾಡುವ ಸಂದರ್ಭವೇ ಬರುವುದಿಲ್ಲ. ಕಾಫಿ ಹಣ್ಣಿನ ಭಾರವನ್ನು ಒಬ್ಬ ತಾಯಿಯ ಕೊರಳಿಗೆ ಕಟ್ಟಿದ್ದೆ. ಮೇಲಿಂದ ಮಗಳ ಕಿವಿಯೇ ತಪ್ಪೆಂದೂ ಹೇಳಿದ್ದೆ.

"ಟೀಚರೇ, ತಪ್ಪು ನಂದು," ಎಂದೆ. "ಆದ್ರೆ ಎಷ್ಟು ತಪ್ಪು ಅಂತ ನೋಡ್ದೆ ನಿಮ್ಮ ಕಿವಿ ಸರಿ ಅಂತಾನೂ ಹೇಳಲ್ಲ."

ಚುಕ್ಕಿಗಳನ್ನು ಬಿಟ್ಟೆ. ರೆಕಾರ್ಡಿನ ನಡುವಿನ ಕಾಗದದ ಮೇಲೆ ಚಾಕ್‌ಪೀಸಿನ ಗುರುತು ಹಾಕಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡೆ. ನಾಡಿ ಎಣಿಸಿದಂತೆ ಸುತ್ತುಗಳನ್ನು ಎಣಿಸಿದೆ. ಮೂರು ನಿಮಿಷಕ್ಕೆ ನೂರ ಮೂವತ್ತೈದು ಬರಬೇಕು. ನೂರ ಇಪ್ಪತ್ತೇಳು ಬಂತು. ತಿರುಪನ್ನು ಸ್ವಲ್ಪ ತಿರುಗಿಸಿ ಮತ್ತೆ ಎಣಿಸಿದೆ. ನೂರ ಮೂವತ್ತೆರಡು. ಮತ್ತೆ. ನೂರ ಮೂವತ್ತಾರು. ಮತ್ತೆ. ಐದನೇ ಎಣಿಕೆಗೆ ನೂರ ಮೂವತ್ತೈದು, ಆರನೆಯದಕ್ಕೂ ಅಷ್ಟೇ.

"ಸಿಸ್ಟ್ರು ಇಷ್ಟು ವರ್ಷ ನಮ್ಮ ನಾಡಿ ಹಿಡಿದ್ರು," ಎಂದು ಮೇಸ್ತ್ರಿ ಟೀಚರಿಗೆ ಮೆಲ್ಲಗೆ ಹೇಳಿದ. "ನಮ್ ಜನರೇಟರ್ ನಾಡಿ ಮಾತ್ರ ಕೈ ತಪ್ತು."

ಮುಳ್ಳು ಇಳಿಸಿದೆ. ತಂಬೂರಿ ಈಗ ಬೇರೆಯೇ ಬೆಳಕಿನಲ್ಲಿ ಇದ್ದಂತಿತ್ತು. ಅದರೊಳಗಿನಿಂದ ಎದ್ದ ದನಿಗೆ ದಣಿವಿರಲಿಲ್ಲ, ವಯಸ್ಸೂ ಇರಲಿಲ್ಲ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದ, ಮೂವತ್ತೂ ತುಂಬದ ಹೆಂಗಸೊಬ್ಬಳು ಕೋಣೆಗೆ ಕಾಲಿಟ್ಟಂತಾಯಿತು. ಟೀಚರು ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಐದೂವರೆಗೆ ಒತ್ತಿದರು. ಎರಡು ನಾದಗಳ ನಡುವೆ ಒಂದು ಗೆರೆಯೂ ಉಳಿಯಲಿಲ್ಲ.

"ಕೇಳಿ," ಎಂದರು. "ಈಗ ಎರಡನೇ ಸಾಲು ಬರುತ್ತೆ. ಅದಕ್ಕೆ ಮುಂಚೆ ಅಮ್ಮ ಮೂಗಲ್ಲಿ ಉಸಿರು ತಗೋತಾರೆ."

ಕೇಳಿಸಿತು. ಸಣ್ಣ, ಅವಸರದ ಉಸಿರು. ಆ ರೆಕಾರ್ಡನ್ನು ಅವರು ಆವರೆಗೆ ಹತ್ತಾರು ಸಲ ಕೇಳಿದ್ದರು. ಇಷ್ಟು ಹೊತ್ತೂ ಅದೇ ಉಸಿರು ಅಲ್ಲಿತ್ತು. ಅದು ಯಾರದೆಂದು ಅವರಿಗೆ ಗುರುತು ಹತ್ತಿದ್ದು ಈಗ. ಮೇಸ್ತ್ರಿ ಊಟಕ್ಕೆ ಹೋಗುವುದನ್ನೇ ಮರೆತು ಬಾಗಿಲಿಗೆ ಒರಗಿದ್ದ.

ಮಧ್ಯಾಹ್ನವಿಡೀ ಹಾಗೇ ಕಳೆಯಿತು. ಎಷ್ಟು ಸಲ ಹಾಕಿದೆನೆಂದು ಎಣಿಸಲಿಲ್ಲ. ನಾಲ್ಕಕ್ಕೆ ತಟ್ಟೆ ಎತ್ತಿ ಕಾಗದ ಸುತ್ತಿದೆ, ತೋಳನ್ನು ದಾರದಿಂದ ಕಟ್ಟಿದೆ. ಇನ್ನು ಮುಚ್ಚಳ ಹಾಕಬೇಕು ಅನ್ನುವಾಗ ಟೀಚರು ಆ ಕೆಂಪು ಕಿಂಡಿಯನ್ನು ತೋರಿಸಿದರು.

"ಇದನ್ನ ಮುಚ್ಚಿಬಿಡಿ ಸಿಸ್ಟ್ರೇ. ನಮ್ಮೂರ ಕರೆಂಟೂ ಹೀಗೇ. ಚುಕ್ಕಿ ಓಡೋದು ಕಂಡ್ರೆ ಮತ್ತೆ ಅನುಮಾನ ಶುರುವಾಗುತ್ತೆ."

ಯಂತ್ರದ ಅಳತೆಯೊಂದನ್ನು ಮುಚ್ಚಿ ಕಳಿಸುವುದು ನನ್ನ ರೂಢಿಯಲ್ಲ. ಆದರೂ ಬೆರಳಗಲದ ಪ್ಲಾಸ್ಟರ್ ಕತ್ತರಿಸಿ, ಕಿಂಡಿಯ ಮೇಲೆ ಅಂಟಿಸಿ, ನಾಲ್ಕೂ ಅಂಚುಗಳನ್ನು ಉಗುರಿನಿಂದ ಒತ್ತಿದೆ. ಗಂಟೆ ನಾಲ್ಕೂ ಇಪ್ಪತ್ತು.