ಬೋಟಿನ ಮನೆಗೆ ಟೀಚರ್ ಆರಿಸಿದ ಚಾರ್ಜರ್

ಇವತ್ತು ಬೆಳಿಗ್ಗೆ ಹೊಸಂಗಡಿಯ ಗಿರಾಕಿಯೊಬ್ಬರು ಸುಟ್ಟ ವಯರೊಂದನ್ನು ಉಪ್ಪಳದ ನನ್ನ ಬ್ಯಾಟರಿ ಅಂಗಡಿಯ ಮೇಜಿನ ಮೇಲೆ ತಂದು ಹಾಕಿದರು. ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆದದ್ದೇ ಟೀಚರ್ ನೆನಪಾದರು. ಗಿರಾಕಿ ಎಂತದೋ ಹೇಳುತ್ತಲೇ ಇದ್ದರು, ನನ್ನ ಮನಸ್ಸು ಶಿರಿಯ ಹೊಳೆಯ ದಡಕ್ಕೆ ಹೋಗಿಯಾಗಿತ್ತು…

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಅವರ ಯಜಮಾನರು ಮೀನಿನ ಬೋಟಿನ ಡ್ರೈವರ್ ಆಗಿದ್ದವರು. ಜೀವಮಾನವಿಡೀ ನೀರಿನ ಮೇಲೆ ಮಲಗಿದ ಆ ಜನಕ್ಕೆ ಮನೆಯ ಮಂಚದಲ್ಲಿ ನಿದ್ದೆಯೇ ಹತ್ತುತ್ತಿರಲಿಲ್ಲ. ಟೀಚರಿಗೆ ಪೆನ್ಶನ್ ಆದ ಮೇಲೆ ಇಬ್ಬರೂ ಒಂದು ಹಳೆಯ ಬೋಟನ್ನು ಹೊಳೆಯಲ್ಲಿ ಕಟ್ಟಿಹಾಕಿ, ಅದರೊಳಗೆ ಮಂಚ, ಗ್ಯಾಸ್ ಒಲೆ ಎಲ್ಲ ಇಟ್ಟು ಅಲ್ಲೇ ಸಂಸಾರ ಹೂಡಿದರು. ನಮ್ಮ ಮಂಗಲ್ಪಾಡಿ ಪಂಚಾಯತಿನಲ್ಲಿ ಆಡಿಕೊಂಡು ನಗದವರಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕಿದ್ದೆ.

ಆಮೇಲೆ ಯಜಮಾನರ ಶ್ವಾಸಕೋಶ ಸೋತಿತು. ಮಲಗಿದಾಗಲೆಲ್ಲ ಮಾಸ್ಕ್ ಕಟ್ಟಿ ಮೂಗಿಗೆ ಗಾಳಿ ಒತ್ತುವ ಮೆಶಿನ್ ಓಡಬೇಕು, ನಿಂತರೆ ಜೀವಕ್ಕೆ ಅಪಾಯ ಎಂದರು ಡಾಕ್ಟ್ರು. ಇನ್ನಾದರೂ ಮನೆಗೆ ಹೋಗಿ ಎಂದು ಎಲ್ಲರೂ ಹೇಳಿದರು. ಯಜಮಾನರು ಒಪ್ಪಲಿಲ್ಲ. ಟೀಚರ್ ಅವರೊಡನೆ ಜಗಳಕ್ಕೆ ಹೋಗದೆ ಸೀದಾ ನನ್ನ ಅಂಗಡಿಗೆ ಬಂದರು.

"ಕರೆಂಟ್ ಹೋದಾಗ ಮೆಶಿನ್ ಓಡ್ಲಿಕ್ಕೆ ಬೋಟಿನಲ್ಲಿ ಬ್ಯಾಟರಿ ಉಂಟು. ಅದಕ್ಕೆ ಚಾರ್ಜರ್ ಬೇಕು. ಯಾವುದು ಆದೀತು?"

ನಮ್ಮ ಉಪ್ಪಳದವರಿಗೆ ಎಲ್ಲವೂ ದೊಡ್ಡದೇ ಆಗಬೇಕು. ದುಬಾಯಿ ದುಡ್ಡಿನ ಮನೆ ದೊಡ್ಡದು, ಅದರ ಗೇಟು ಇನ್ನೂ ದೊಡ್ಡದು. ಅದೇ ಅಭ್ಯಾಸದಲ್ಲಿ ನಾನು ಅಂಗಡಿಯ ಅತಿ ದೊಡ್ಡ ಚಾರ್ಜರನ್ನು ಕೆಳಗಿಳಿಸಿದೆ. ಟೀಚರ್ ಪಕ್ಕದಲ್ಲಿದ್ದ ಸಣ್ಣದನ್ನೂ ತೋರಿಸಿ, "ಎರಡನ್ನೂ ಹಿಡ್ಕೊಂಡು ಬಾ, ಅಲ್ಲೇ ನೋಡುವ," ಎಂದರು.

ಅವರು ನೋಡಿದ ಕ್ರಮ ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಮಧ್ಯಾಹ್ನದ ಊಟ ಆದ ಮೇಲೆ ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿದರು. ದಡದಿಂದ ಬರುವ ಕರೆಂಟ್ ತೆಗೆಸಿದರು. ಗಂಡನ ಮಾಸ್ಕನ್ನು ತಮ್ಮ ಮುಖಕ್ಕೆ ಕಟ್ಟಿಕೊಂಡು, ಮೆಶಿನನ್ನು ಬ್ಯಾಟರಿಗೆ ಹಾಕಿಸಿ, ಅವರ ಮಂಚದಲ್ಲಿ ಮಲಗಿಬಿಟ್ಟರು. ಎಂತ ಕಾಯಿಲೆಯೂ ಇಲ್ಲದ ಹೆಂಗಸು ಸಂಜೆಯವರೆಗೆ ಕದಲಲಿಲ್ಲ. ಬ್ಯಾಟರಿ ಎಷ್ಟು ಇಳಿಯುತ್ತದೆಂದು ನೋಡುವುದು ನನ್ನ ಕೆಲಸ.

"ಇವಳಿಗೆ ಹುಚ್ಚು ಮಾರಾಯ," ಎಂದರು ಯಜಮಾನರು. ಅವರ ಕಣ್ಣು ಒದ್ದೆಯಾಗಿತ್ತು.

ಬೋಟಿಗೆ ಕರೆಂಟ್ ಬರುತ್ತಿದ್ದದ್ದು ದಡದ ನೆರೆಯವರಾದ ಬ್ಯಾರಿ ಸಾಹೇಬರ ಮನೆಯಿಂದ, ತೆಂಗಿನ ಮರಗಳಿಗೆ ಕಟ್ಟಿದ ಉದ್ದದ ವಯರಿನಲ್ಲಿ. ಸಂಜೆ ಎಲ್ಲರ ಮನೆಯ ಪಂಪು ಶುರುವಾಗಿ ವೋಲ್ಟೇಜ್ ಬಿದ್ದ ಹೊತ್ತಿಗೆ ಸರಿಯಾಗಿ ಟೀಚರ್ ದೊಡ್ಡ ಚಾರ್ಜರ್ ಹಾಕಿಸಿದರು. ಅದು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಅದು ಎಳೆದ ಕರೆಂಟಿಗೆ ವಯರು ಬಿಸಿಯಾಗಿ ಪ್ಲಾಸ್ಟಿಕ್ಕಿನ ವಾಸನೆ ಬಂತು, ಬ್ಯಾರಿಗಳ ಮನೆಯಲ್ಲಿ ಫ್ಯೂಸ್ ಹೋಯಿತು. ಫ್ಯೂಸ್ ಕಟ್ಟಿ ಬಂದು ಸಣ್ಣದನ್ನು ಹಾಕಿದೆವು. ಬಿದ್ದ ವೋಲ್ಟೇಜಿನಲ್ಲೂ ಅದು ತನ್ನ ಪಾಡಿಗೆ ಬ್ಯಾಟರಿ ತುಂಬಿಸುತ್ತಾ ಹೋಯಿತು, ಜೊತೆಗೆ ಮೆಶಿನೂ ಓಡಿತು.

"ಇದು ಸಾಕು," ಎಂದರು ಟೀಚರ್. "ಬೇಗ ತುಂಬಬೇಕೆಂದು ಇಲ್ಲ. ನಡುವೆ ನಿಲ್ಲಬಾರದು, ಅಷ್ಟೆ."

ಮಳೆಗಾಲವನ್ನೂ ಅವರು ಅಲ್ಲೇ ಕಳೆದರು. ಆ ಕಡೆ ಹೋದಾಗಲೆಲ್ಲ ಬೋಟಿನ ದೀಪ ನೋಡುತ್ತಾ ಸುಮ್ಮನೆ ನಿಲ್ಲುತ್ತಿದ್ದೆ. ಎಂತ ಧೈರ್ಯ ಅನಿಸುತ್ತಿತ್ತು… ನನಗಾದರೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಯಜಮಾನರು ಹೋದರೆಂದು ಫೋನು ಬಂತು. ಅಂಗಡಿಯ ಬಾಗಿಲು ಎಳೆದು ಹೊರಟೆ. ಚಾರ್ಜರ್ ಕೈಕೊಟ್ಟಿತೋ, ನಾನು ಕೂಡಿಸಿದ ವಯರು ಎಲ್ಲಾದರೂ ಸಡಿಲಾಯಿತೋ… ಹೇಗೆ ಅಲ್ಲಿಗೆ ಮುಟ್ಟಿದೆನೋ ಗೊತ್ತಿಲ್ಲ. ದಡದಲ್ಲಿ ಜನ ಸೇರಿದ್ದರು. ಟೀಚರ್ ನನ್ನನ್ನು ಕಂಡವರೇ ಹೆಂಗಸರ ನಡುವಿನಿಂದ ಎದ್ದು ಬಂದರು. ನಾನು ಬಾಯಿ ತೆರೆಯುವ ಮೊದಲೇ ಭುಜ ಹಿಡಿದುಕೊಂಡರು.

"ಮೆಶಿನ್ ಓಡ್ತಾನೇ ಇತ್ತು ಮಗಾ, ನಾನು ನೋಡಿದೆ. ಅವರು ಹೋದದ್ದು ಹಾರ್ಟಿನಿಂದ. ನೀನು ಎಂತದೂ ತಲೆಗೆ ಹಚ್ಕೊಳ್ಬೇಡ."

ಅಷ್ಟು ಹೇಳಿದ ಮೇಲೆ ಅವರು ಅತ್ತರು.

ಟೀಚರ್ ತೀರಿಕೊಂಡು ಈಗ ಕೆಲವು ವರ್ಷ ಆಯಿತು. ಗಂಡನ ಹೆಣ ಇನ್ನೂ ಬೋಟಿನೊಳಗೆ ಇದ್ದಾಗ ನನ್ನ ಹೆದರಿಕೆ ಅವರ ಕಣ್ಣಿಗೆ ಹೇಗೆ ಬಿತ್ತೋ, ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಒಂದು ಸಲ ಕಾಲಿಗೆ ಬೀಳಬೇಕಿತ್ತು. ನಾಳೆ ಹೋಗುವ, ಆಚೆ ವಾರ ಹೋಗುವ ಎನ್ನುತ್ತಾ ಉಳಿದೆ, ಅವರು ಹೋಗಿಬಿಟ್ಟರು.