ಕಂಪ್ಯೂಟರ್ ಜಾತಕದಲ್ಲಿ ನನ್ನ ಸಾಲು

ಎಂಬತ್ತರ ದಶಕದಲ್ಲಿ, ಶಿರಾ ಗೇಟ್ ಹತ್ತಿರ ಸೈಕಲ್ ಶಾಪಿನ ಮೇಲಿನ ಮಹಡಿಯಲ್ಲಿ ನಾನು ಕಂಪ್ಯೂಟರ್ ಜಾತಕ ಹಾಕಿಕೊಡುತ್ತಿದ್ದೆ. ಬಿ.ಎಸ್ಸಿ. ಮುಗಿಸಿದ್ದ ಹುಡುಗಿ. ಜಾತಕದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ, ಯಂತ್ರದ ಬಗ್ಗೆ ಜಂಬ ಮಾತ್ರ ಬೇಕಾದಷ್ಟಿತ್ತು. ಅಂಗಡಿಯ ಯಜಮಾನರಿಗೆ ಅದನ್ನು ಆನ್ ಮಾಡುವುದಷ್ಟೇ ಗೊತ್ತು. ಪ್ರೋಗ್ರಾಂ ಬರೆದವಳು ನಾನೇ, ಫೋರ್ತ್ ಎಂಬ ಭಾಷೆಯಲ್ಲಿ. ಅದರಲ್ಲಿ ಎರಡು, ಮೂರು ಎಂದು ಮೊದಲು ಹೇಳಿ ಆಮೇಲೆ ಕೂಡು ಎನ್ನಬೇಕು, ನಾವು ಮನೆಯಲ್ಲಿ ಕನ್ನಡ ಮಾತಾಡುವ ಹಾಗೇ, ಕ್ರಿಯಾಪದ ಕೊನೆಗೆ. ಹೇಳಿದ್ದನ್ನೆಲ್ಲ ಅದು ತಟ್ಟೆ ಜೋಡಿಸಿದಂತೆ ಒಂದರ ಮೇಲೊಂದು ಇಟ್ಟುಕೊಂಡು, ಮೇಲಿನದನ್ನು ಮೊದಲು ತೆಗೆಯುತ್ತದೆ.

ಅಂಕಿಗಾದರೆ ಇದು ಸಲೀಸು. ಹೆಸರು ಬಂದರೆ ತಾಪತ್ರಯ. ಹೆಸರನ್ನು ಬೇರೆಲ್ಲೋ ಇಟ್ಟು, ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ತಟ್ಟೆಯಲ್ಲಿಡಬೇಕು. ನಮ್ಮ ಕಡೆ ಹೆಸರೆಂದರೆ ಊರು, ತಾತ, ಅಪ್ಪ ಎಲ್ಲ ಸೇರಿ ಮಾರುದ್ದ. ಎಲ್ಲರಿಗೂ ಮಾರುದ್ದ ಜಾಗ ಬಿಟ್ಟರೆ ಆ ಪುಟಾಣಿ ಯಂತ್ರದ ಮೆಮೊರಿ ಮಧ್ಯಾಹ್ನದೊಳಗೆ ತುಂಬಿಹೋಗುತ್ತಿತ್ತು. ಅದಕ್ಕೆ ನಾನೊಂದು ಜಾಣತನ ಮಾಡಿದೆ. ಹೆಸರು, ನಕ್ಷತ್ರ ಸೇರಿದ ಸಾಲು ಎಷ್ಟುದ್ದವೋ ಅಷ್ಟೇ ಜಾಗ ಕೊಡುವುದು. ಕೆಲಸ ಮುಗಿದ ಕೂಡಲೇ ಖಾಲಿ ಮಾಡಿಸುವುದು. ಮುಂದೆ ಬಂದ ಸಾಲು ಆ ಜಾಗದಲ್ಲಿ ಹಿಡಿಸಿದರೆ ಅಲ್ಲೇ ಕೂರಿಸುವುದು. ಬರೆದು ಮುಗಿಸಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ವಾರ ಕುಣಿಗಲ್‌ನಿಂದ ನನ್ನನ್ನು ನೋಡಲು ಬಂದರು. ಹುಡುಗ ಗುಬ್ಬಿಯ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಮಿಕ್ಕವರೆಲ್ಲ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ವಿಚಾರಿಸಿದರೆ ಅವರೊಬ್ಬರು, "ಅಷ್ಟೊಂದು ಹೆಸರನ್ನ ಆ ಮಿಷಿನ್ ಎಲ್ಲಿ ಇಟ್ಕೊಳುತ್ತೆ?" ಎಂದು ಕೇಳಿದರು. ನನಗೆ ಅವರು ಇಷ್ಟವಾದರು. ಬಹಳ ಇಷ್ಟವಾದರು, ಈಗ ಹೇಳಲು ಏನು ಸಂಕೋಚ. ಜೋಯಿಸರು ಜಾತಕ ಕೂಡುತ್ತದೆ ಎಂದಾಗಿತ್ತು. ಅಲ್ಲಿಗೇ ಬಿಡಬೇಕಿತ್ತು. ನನ್ನ ನಾಲಗೆ ಸುಮ್ಮನಿರಬೇಕಲ್ಲ. "ಅಂಗಡಿಗೆ ಬನ್ನಿ, ಕಂಪ್ಯೂಟರ್‌ನಲ್ಲೂ ನೋಡೋಣ" ಎಂದುಬಿಟ್ಟೆ.

ಮಾರನೆಯ ದಿನ ಎರಡೂ ಮನೆಯವರು ಮಹಡಿ ಹತ್ತಿ ಬಂದರು. ಹೊಸ ಪ್ರೋಗ್ರಾಮಿಗೆ ಮೊದಲ ಜೋಡಿ ನಾವೇ. ಮೊದಲು ಹುಡುಗನ ಸಾಲು ಟೈಪ್ ಮಾಡಿದೆ, ಅವರ ಹೆಸರು ಪ್ರಿಂಟಾಯಿತು. ಆಮೇಲೆ ನನ್ನದು. ಅದರ ಕೆಳಗೆ ಪ್ರಿಂಟರ್ ಕಿರಗುಟ್ಟುತ್ತಾ, ನಾಡಿದೋಷ, ಕೂಡುವುದಿಲ್ಲ ಎಂದು ಹೊಡೆಯಿತು. ಯಜಮಾನರು ಅದನ್ನು ಗಟ್ಟಿಯಾಗಿ ಬೇರೆ ಓದಿದರು. ಹುಡುಗನ ತಾಯಿ, "ಹೋಗ್ಲಿ ಬುಡಮ್ಮ, ಋಣ ಇಲ್ಲ ಅಷ್ಟೇ" ಎಂದು ಎದ್ದರು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅವರು ಹೋದ ಮೇಲೆ ಹುಡುಕಲು ಕೂತೆ. ಸಂಜೆಯೊಳಗೆ ಸಿಕ್ಕಿತು. ಹುಡುಗನ ಹೆಸರು ಪ್ರಿಂಟಾದ ಕೂಡಲೇ ಅವರ ಜಾಗ ಖಾಲಿ ಮಾಡಿಸಿದ್ದೆ. ನಕ್ಷತ್ರ ಹೋಲಿಸುವ ಕೆಲಸ ಇನ್ನೂ ಬಾಕಿ ಇದೆ ಎಂಬುದೇ ಮರೆತಿತ್ತು. ನನ್ನ ಸಾಲು ಅವರದಕ್ಕಿಂತ ಚಿಕ್ಕದು, ನೇರ ಹೋಗಿ ಅಲ್ಲೇ ಕೂತಿತ್ತು. ತಟ್ಟೆಗಳಲ್ಲಿ ವಿಳಾಸ ಎರಡಿದ್ದವು, ಎರಡೂ ಅದೇ ಜಾಗದ್ದು. ಯಂತ್ರ ನನ್ನ ನಕ್ಷತ್ರವನ್ನು ನನ್ನ ನಕ್ಷತ್ರದ ಜೊತೆಗೇ ಹೋಲಿಸಿ, ಇಬ್ಬರ ನಾಡಿಯೂ ಒಂದೇ, ಅದಕ್ಕೇ ದೋಷ ಎಂದಿತ್ತು. ನನ್ನನ್ನು ನನಗೇ ಮದುವೆ ಮಾಡಲು ನೋಡಿತ್ತು, ದರಿದ್ರದ್ದು.

ಸರಿಮಾಡಿ ಹೊಸ ಪ್ರಿಂಟ್ ತೆಗೆದೆ. ಜಾತಕ ಕೂಡಿತ್ತು. ಅಪ್ಪನಿಗೆ ತೋರಿಸಿದರೆ, "ಹುಡುಗಿಯಾಗಿ ನೀನೇ ಹೋಗಿ ಕೇಳ್ತೀಯೇನೇ? ನಮ್ಮ ಮಾನ ಕಳೀಬೇಡ ಕಣೇ" ಎಂದರು. ಅವರು ಗೂಳೂರಿನ ತೋಟಕ್ಕೆ ಹೊರಟ ಮೇಲೆ ನಾನು ಕುಣಿಗಲ್ ಬಸ್ಸು ಹತ್ತಿದೆ.

ಹುಡುಗ ಮನೆಯಲ್ಲಿರಲಿಲ್ಲ, ಸ್ಕೂಲಿಗೆ ಹೋಗಿದ್ದರು. ಅವರಿದ್ದಿದ್ದರೆ ಅರ್ಥವಾಗುತ್ತಿತ್ತೇನೋ. ತಾಯಿ ಕಾಫಿ ಕೊಟ್ಟು ಎದುರಿಗೆ ಕೂತರು. ನಾನು ಜಾಗ, ವಿಳಾಸ, ಖಾಲಿ ಮಾಡಿದ್ದು ಅಂತ ಏನೇನೋ ಒದರಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಬರ್ದಿರೋಳೂ ನೀನೇ, ತಿದ್ದಿರೋಳೂ ನೀನೇ. ನಿಂಗೆ ಬೇಕಾದಂಗೆ ಹೇಳಿಸ್ಬೋದಲ್ವಾ ತಾಯಿ?"

"ಜೋಯಿಸರೂ ಕೂಡುತ್ತೆ ಅಂತಾನೇ ಹೇಳಿದ್ರಲ್ಲಮ್ಮ."

ಅವರು ಕಾಫಿ ಲೋಟ ಎತ್ತಿಕೊಂಡು ಎದ್ದರು. ಅಡುಗೆಮನೆಯಿಂದ ಯಾವುದೋ ಹೆಂಗಸು, "ಹುಡ್ಗೀಗೆ ಸ್ಯಾನೆ ಅವಸರ" ಎಂದು ನಕ್ಕಿದ್ದು ಕೇಳಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ತಲೆಯೆತ್ತಲಿಲ್ಲ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಯಾವ ತಪ್ಪಿಗೆ ಅಷ್ಟು ನಾಚಿಕೆಪಟ್ಟೆ ಎಂದು ಕೇಳಿದರೆ, ಪ್ರೋಗ್ರಾಮಿನದ್ದಲ್ಲ. ಒಬ್ಬರು ನನಗೆ ಬೇಕು ಎಂದು ಬಾಯಿಬಿಟ್ಟ ಹಾಗಾಯಿತಲ್ಲ, ಅದಕ್ಕೆ.

ಸುದ್ದಿ ನಿಲ್ಲುತ್ತದೆಯೇ? ಅಂಗಡಿ ಹುಡುಗಿಗೇ ಕೂಡಲ್ಲ ಅಂದ ಮಿಷಿನ್ನು, ಅದು ಸುಳ್ಳು ಹೇಳೋದೇ ಇಲ್ಲ ಎಂದು ಜನ ಹುಡುಕಿಕೊಂಡು ಬರತೊಡಗಿದರು. ಯಜಮಾನರು ಬಂದವರಿಗೆಲ್ಲ ನನ್ನ ಕಡೆ ಕೈತೋರಿಸಿ ಆ ಕಥೆ ಹೇಳುವರು. ನಾನು ಕೀಬೋರ್ಡ್ ನೋಡುತ್ತಾ ಕೂರುವೆ.

ಕೆಲವು ತಿಂಗಳಾದ ಮೇಲೆ ಹುಡುಗನ ತಾಯಿ ಒಬ್ಬರೇ ಬಂದರು. ಕೈಯಲ್ಲಿ ಮಗನ ಜಾತಕವಿತ್ತು, ಜೊತೆಗೆ ಇನ್ನೊಬ್ಬ ಹುಡುಗಿಯದು.

"ಬೇಜಾರ್ ಮಾಡ್ಕೋಬೇಡ ಕಣಮ್ಮ. ನಿಮ್ಮ ಮಿಷಿನ್ ಮೇಲೆ ನಂಗೆ ನಂಬ್ಕೆ" ಎಂದರು.

ಹುಡುಗನ ಸಾಲು ಟೈಪ್ ಮಾಡಲು ನಾನು ಕಾಗದ ನೋಡಬೇಕಾಗಲಿಲ್ಲ. ಆಮೇಲೆ ಆ ಹುಡುಗಿಯದು. ಅದೂ ಚಿಕ್ಕದೇ. ಈ ಸಲ ಎರಡೂ ತಂತಮ್ಮ ಜಾಗದಲ್ಲಿ ಉಳಿದವು. ಪ್ರಿಂಟರ್ ಕೂಡುತ್ತದೆ ಎಂದು ಹೊಡೆಯಿತು.

"ಸರ್ಯಾಗಿ ನೋಡ್ದೆ ತಾನೇ?"

"ನೋಡಿದೀನಮ್ಮ. ಸರಿಯಾಗಿದೆ."

ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಮೆಟ್ಟಿಲಿಳಿದರು. ಬಾಗಿಲಲ್ಲಿ ಮುಂದಿನವರು ಕಾಯುತ್ತಿದ್ದರು. ನಾನು ಇಬ್ಬರ ಜಾಗವನ್ನೂ ಖಾಲಿ ಮಾಡಿದೆ.